ಹೊಸ ದಾರಿಗೆ ಹೊರಟವರು ಯಾರನ್ನು ಕೇಳಬೇಕು?

ಕೆಲಸ ಬಿಟ್ಟು ಸ್ವಂತದ್ದೇನಾದರೂ ಶುರು ಮಾಡಬೇಕೆಂದು ಹೊರಟ ಇಪ್ಪತ್ತೈದರ ಆಸುಪಾಸಿನ ಮಕ್ಕಳು ಹಿರಿಯರ ಮುಂದೆ ಇಡುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: ಮಾಡಲೋ, ಬೇಡವೋ? ಉತ್ತರ ಕೊಡುವವರಿಗೆ ನಮ್ಮಲ್ಲಿ ಬರವಿಲ್ಲ. ಮದುವೆ ಊಟದ ಪಂಕ್ತಿಯಲ್ಲಿ ಪಕ್ಕದ ಎಲೆಗೆ ಕೂತವರೂ ಹೇಳುತ್ತಾರೆ, ಊರಿಗೆ ಹೋಗುವ ಬಸ್ಸಿನಲ್ಲಿ ಪಕ್ಕದ ಸೀಟಿನವರೂ ಹೇಳುತ್ತಾರೆ. ‘ಇರೋ ಕೆಲಸ ಬಿಡಬೇಡ’ ಅನ್ನುವವರು ಅರ್ಧ, ‘ಧೈರ್ಯ ಮಾಡು, ಆಗುತ್ತೆ’ ಅನ್ನುವವರು ಇನ್ನರ್ಧ. ಇಷ್ಟೆಲ್ಲ ಕೇಳಿಸಿಕೊಂಡು ಮನೆಗೆ ಬಂದರೆ ಕೈಗೆ ಹತ್ತಿದ್ದು ಏನೂ ಇರುವುದಿಲ್ಲ. ಕೊನೆಗೆ ಯಾರ ಮಾತು ಕೇಳಿದ್ದರೋ ಮನಸ್ಸು ಆ ಕಡೆ ವಾಲಿರುತ್ತದೆ, ಅಷ್ಟೆ.

ಪರಿಚಯದ ಮನೆಯ ಹುಡುಗಿಯೊಬ್ಬಳು ಗದಗ ಜಿಲ್ಲೆಯ ರೋಣದ ಕಡೆಯವಳು. ಬಿ.ಕಾಂ. ಮುಗಿಸಿ ಬೆಂಗಳೂರಿನ ಒಂದು ಕಚೇರಿಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತಾಳೆ. ಯುಗಾದಿಗೆ ಸಿಕ್ಕಾಗ ಕೇಳಿದಳು: ‘ಕಾಕಾ, ನೌಕರಿ ಬಿಟ್ಟು ರೊಟ್ಟಿ ಕೇಂದ್ರ ಹಾಕ್ಬೇಕಂತ ಮಾಡೀನಿ. ಹಾಕ್ಲೋ ಬ್ಯಾಡೋ, ಹೇಳ್ರಿ.’

ಅವಳ ಯೋಚನೆ ಹುಡುಗಾಟಿಕೆಯದ್ದಲ್ಲ. ಬೆಂಗಳೂರಿನ ಪಿ.ಜಿ.ಗಳಲ್ಲಿರುವ ಉತ್ತರ ಕರ್ನಾಟಕದ ಮಕ್ಕಳು ಊರಿಂದ ಬರುವಾಗ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಕಟ್ಟಿಸಿಕೊಂಡು ಬರುತ್ತಾರೆ. ಗಂಟು ಖಾಲಿಯಾದ ಮೇಲೆ ಮತ್ತೆ ಊರಿಗೆ ಹೋಗುವ ತನಕ ಆ ರುಚಿ ಸಿಕ್ಕುವುದಿಲ್ಲ. ಅವಳ ಅವ್ವ, ದೊಡ್ಡವ್ವ ಇಬ್ಬರೂ ರೊಟ್ಟಿ ಬಡಿಯುವುದರಲ್ಲಿ ಎತ್ತಿದ ಕೈ. ಕೊಳ್ಳುವವರು ಯಾರೆಂದು ಗೊತ್ತು, ಮಾಡುವವರು ಮನೆಯಲ್ಲೇ ಇದ್ದಾರೆ. ಇನ್ನೇನು ಬೇಕು?

ಬೇಕಾದ್ದು ಬಹಳವಿತ್ತು, ಆದರೆ ಅದು ಏನೆಂದು ಹೇಳಬೇಕಾದವನು ನಾನಲ್ಲ. ರೊಟ್ಟಿ ತಿಂದು ಗೊತ್ತೇ ಹೊರತು ಮಾರಿ ಗೊತ್ತಿಲ್ಲ. ಹಾಗಾಗಿ ಹೌದು ಅಥವಾ ಬೇಡ ಅನ್ನುವ ಬದಲು ಅವಳ ಆ ದೊಡ್ಡ ಪ್ರಶ್ನೆಯನ್ನು ಇಬ್ಬರೂ ಕೂತು ಒಡೆದೆವು. ಒಬ್ಬ ಹೆಣ್ಣುಮಗಳು ಸೊಂಟ ನೋಯದಂತೆ ದಿನಕ್ಕೆ ಎಷ್ಟು ರೊಟ್ಟಿ ಬಡಿಯಬಲ್ಲಳು? ಕೂಲಿ ರೊಟ್ಟಿ ಲೆಕ್ಕಕ್ಕೋ, ದಿನದ ಲೆಕ್ಕಕ್ಕೋ? ಜೋಳವನ್ನು ಸುಗ್ಗಿಯಲ್ಲೇ ಕೊಂಡಿಡಬೇಕೋ, ತಿಂಗಳು ತಿಂಗಳು ಕೊಳ್ಳಬೇಕೋ? ನೂರು ರೊಟ್ಟಿ ಬಸ್ಸಿಗೆ ಹಾಕಿದರೆ ಮುರಿಯದೆ ಮುಟ್ಟುವುದು ಎಷ್ಟು? ಅಂಗಡಿಯವರು ಉದ್ರಿ ಎಷ್ಟು ದಿನ ಇಟ್ಟುಕೊಳ್ಳುತ್ತಾರೆ? ಪಂಚಮಿಗೆ, ಊರ ಜಾತ್ರೆಗೆ ಬಡಿಯುವವರೆಲ್ಲ ಮನೆಗೆ ಹೋದರೆ ಆ ವಾರದ ಆರ್ಡರಿನ ಗತಿ ಏನು? ಬರೆಯುತ್ತಾ ಹೋದಂತೆ ಹಾಳೆ ತುಂಬಿತು. ಒಂದಕ್ಕೂ ನನ್ನಲ್ಲಿ ಉತ್ತರವಿರಲಿಲ್ಲ. ಆದರೆ ಉತ್ತರ ಇರುವವರು ಹುಬ್ಬಳ್ಳಿಯಲ್ಲಿ, ಗದಗದಲ್ಲಿ, ಕಲಬುರಗಿಯಲ್ಲಿ ದಿನಾ ಒಲೆ ಮುಂದೆ ಕೂತಿದ್ದರು.

ಹಿಟ್ಟಿಗೆ ಜಿಗಿ ಬೇಕು

ಎರಡು ದಿನ ರಜೆ ಹಾಕಿ ಅವಳು ಹುಬ್ಬಳ್ಳಿಯ ಒಂದು ರೊಟ್ಟಿ ಕೇಂದ್ರಕ್ಕೆ ಹೋದಳು. ಅದನ್ನು ನಡೆಸುವ ಹಿರಿಯ ಹೆಣ್ಣುಮಗಳು ಪಟ್ಟಿಯನ್ನು ನೋಡಲೂ ಇಲ್ಲ. ಎರಡು ಡಬ್ಬಿಯಿಂದ ಒಂದೊಂದು ಹಿಡಿ ಹಿಟ್ಟು ತೆಗೆದು, ಎಸರು ಹಾಕಿ ಬೇರೆ ಬೇರೆಯಾಗಿ ನಾದಿದರು. ಮೊದಲನೆಯದನ್ನು ಬಡಿಯುತ್ತಾ ಬಂದಂತೆ ಅಂಚು ಸೀಳಿತು. ಸೇರಿಸಿ ಒತ್ತಿದರು, ಮತ್ತೆ ಸೀಳಿತು. ಎರಡನೆಯದು ಕೈ ಅಡಿಯಲ್ಲಿ ತಾನಾಗಿ ತಿರುಗುತ್ತಾ ಅಗಲವಾಗುತ್ತಾ ಹೋಯಿತು, ಅಂಚು ದುಂಡಗೆ ಕೂತಿತು. ಎರಡೂ ಒಂದೇ ಮಾಲದಂಡಿ ಬಿಳಿಜೋಳ. ಮೊದಲನೆಯದು ತಿಂಗಳ ಹಿಂದೆ ಬೀಸಿಸಿದ ಹಿಟ್ಟು, ಎರಡನೆಯದು ಅವತ್ತು ಬೆಳಿಗ್ಗೆ ಗಿರಣಿಯಿಂದ ಬಂದದ್ದು. ‘ಹಿಟ್ಟು ಹಳೇದಾದ್ರ ಜಿಗಿ ಹೋಕ್ಕೈತಿ ತಂಗಿ. ಬೆಂಗಳೂರಾಗ ನಿನ್ನ ಜ್ವಾಳಾ ಬೀಸಿ ಕೊಡೋ ಗಿರಣಿ ಎಲ್ಲೈತಿ, ನೋಡೀ ಏನು?’

ಅವಳು ನೋಡಿರಲಿಲ್ಲ. ನಮ್ಮ ಪಟ್ಟಿಯಲ್ಲೂ ಆ ಪ್ರಶ್ನೆ ಇರಲಿಲ್ಲ. ಗೋಧಿ ಬೀಸಿದ ಕಲ್ಲಿಗೇ ಜೋಳ ಹಾಕಿದರೆ ಹಿಟ್ಟು ಬೆರಕೆಯಾಗುತ್ತದೆ, ರೊಟ್ಟಿಗೆಂದೇ ಜೋಳ ಬೀಸುವ ಗಿರಣಿ ಬೆಂಗಳೂರಿನ ಎಲ್ಲ ಬಡಾವಣೆಗಳಲ್ಲಿ ಸಿಗುವುದಿಲ್ಲ. ಅಂದರೆ ಅವಳ ಕೇಂದ್ರ ಎಲ್ಲಿರಬೇಕು ಅನ್ನುವುದನ್ನು ನಿರ್ಧರಿಸುವುದು ಅಂಗಡಿಯ ಬಾಡಿಗೆಯಲ್ಲ, ಗಿರಣಿ. ಆ ಒಂದು ಮಾತಿನ ಬೆಲೆ ಎಷ್ಟೆಂದು ಲೆಕ್ಕ ಹಾಕಿದರೆ, ಬೆಂಗಳೂರಿನಲ್ಲಿ ಅಡ್ವಾನ್ಸ್ ಕೊಟ್ಟು ಮಳಿಗೆ ಹಿಡಿದು ಆಮೇಲೆ ತಿಳಿದಿದ್ದರೆ ಹೋಗುತ್ತಿದ್ದಷ್ಟು ದುಡ್ಡು.

ಅದೇ ಹೆಣ್ಣುಮಗಳು ಇನ್ನೂ ಕೆಲವು ಹೇಳಿದರು. ಮಳೆಗಾಲದ ಥಂಡಿಗೆ ಖಡಕ್ ರೊಟ್ಟಿ ಮೆತ್ತಗಾಗುತ್ತದೆ, ಒಲೆಯ ಬಿಸಿಗೆ ಇಟ್ಟು ಪೂರ್ತಿ ಆರಿಸದೆ ಕಟ್ಟಿದರೆ ಬೂಸ್ಟು ಹಿಡಿಯುತ್ತದೆ. ಮುರಿದ ರೊಟ್ಟಿ ನಷ್ಟವಲ್ಲ, ಅದನ್ನು ಒಗ್ಗರಣೆಗೆ ಅಂತ ಕಡಿಮೆ ದರಕ್ಕೆ ಕೊಳ್ಳುವವರು ಬೇರೆಯೇ ಇದ್ದಾರೆ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿಗೆ ಸಂಕ್ರಾಂತಿಯ ಮುಂದೆ ಎಷ್ಟು ಮಾಡಿದರೂ ಸಾಲದು, ಉಳಿದ ಕಾಲದಲ್ಲಿ ಕೇಳುವವರು ಕಡಿಮೆ. ಇದ್ಯಾವುದೂ ಗುಟ್ಟಲ್ಲ. ಕೇಳಿದವರಿಗೆ ಹೇಳುತ್ತಾರೆ. ಹೋಗಿ ಕೇಳುವವರು ಕಡಿಮೆ.

ಅವಳು ಬೆಂಗಳೂರಿಗೆ ಮರಳಿ ಇನ್ನೊಬ್ಬರನ್ನು ಕಂಡಳು. ಖಾನಾವಳಿ ನಡೆಸಿ ಮುಚ್ಚಿದವರು. ಮುಚ್ಚಿದವರ ಹತ್ತಿರ ಯಾರೂ ಸಲಹೆ ಕೇಳಲು ಹೋಗುವುದಿಲ್ಲ, ಆದರೆ ನನಗೆ ಕೇಳಿದರೆ ಅವರೇ ಮೊದಲು ಸಿಗಬೇಕಾದವರು. ಗೆದ್ದವರು ತಮ್ಮ ಗೆಲುವಿಗೆ ಕಾರಣ ಶ್ರಮ ಅನ್ನುತ್ತಾರೆ. ಅದು ನಿಜವೇ ಇರಬಹುದು, ಆದರೆ ಕೇಳುವವರಿಗೆ ಅದರಿಂದ ದಾರಿ ಕಾಣುವುದಿಲ್ಲ. ಮುಚ್ಚಿದವರಿಗೆ ಯಾವ ತಿಂಗಳು, ಯಾವ ಲೆಕ್ಕದಲ್ಲಿ ಕೈ ಕಚ್ಚಿತು ಅನ್ನುವುದು ಇವತ್ತಿಗೂ ನೆನಪಿರುತ್ತದೆ. ಇವರು ಹೇಳಿದ್ದು ಇಷ್ಟು: ಊಟ ಚೆನ್ನಾಗಿತ್ತು, ಗಿರಾಕಿ ತುಂಬಿದ್ದರು. ಆದರೆ ಇದ್ದ ಹಣವನ್ನೆಲ್ಲ ಪಾತ್ರೆ, ಒಲೆ, ಫ್ರಿಡ್ಜು, ಬೋರ್ಡಿಗೆ ಹಾಕಿ, ನಡೆಸುವುದಕ್ಕೆ ಅಂತ ಏನೂ ಉಳಿಸಿಕೊಂಡಿರಲಿಲ್ಲ. ಕಚೇರಿಗಳಿಗೆ ತಿಂಗಳ ಲೆಕ್ಕದಲ್ಲಿ ಕೊಟ್ಟ ಊಟದ ಹಣ ಬರುವುದು ತಡವಾಯಿತು, ಆನ್‌ಲೈನ್ ಆರ್ಡರಿನಲ್ಲಿ ಕಮಿಷನ್ ಕಳೆದು ಕೈಗೆ ಬಂದದ್ದು ಅಷ್ಟಕ್ಕಷ್ಟೆ. ಬಾಡಿಗೆ, ಅಡುಗೆಯವರ ಸಂಬಳ ಮಾತ್ರ ಒಂದನೇ ತಾರೀಕು ತಪ್ಪಲಿಲ್ಲ. ವ್ಯಾಪಾರ ಇದ್ದೂ ಅಂಗಡಿ ಮುಚ್ಚುವುದು ಹೀಗೆ. ಅವಳು ಪಟ್ಟಿಯಲ್ಲಿ ಒಂದು ಸಾಲು ಸೇರಿಸಿಕೊಂಡಳು: ಒಂದು ರೊಟ್ಟಿಯೂ ಮಾರದೆ ಆರು ತಿಂಗಳು ಬಾಗಿಲು ತೆರೆದಿಡಲು ಎಷ್ಟು ಬೇಕು?

ವೆನಿಲಾದ ವರ್ಷಗಳು

ಇನ್ನೊಂದು ಬಗೆಯ ಸಲಹೆಗಾರರಿದ್ದಾರೆ. ಮಲೆನಾಡು, ಕರಾವಳಿಯ ತೋಟದ ಮನೆಗಳಲ್ಲಿ ವೆನಿಲಾ ಅಂದರೆ ಈಗಲೂ ಒಂದು ಕ್ಷಣ ಮಾತು ನಿಲ್ಲುತ್ತದೆ. ಜಗತ್ತಿಗೆ ಬೇಕಾದ ವೆನಿಲಾದ ಬಹುಪಾಲು ಬರುವುದು ಮಡಗಾಸ್ಕರ್‌ನಿಂದ. 2000ರಲ್ಲಿ ಚಂಡಮಾರುತ ಅಪ್ಪಳಿಸಿ ಅಲ್ಲಿನ ಬೆಳೆ ನೆಲಕಚ್ಚಿದ ಮೇಲೆ ಬೆಲೆ ಏರುತ್ತಾ ಹೋಗಿ, 2003ರ ಹೊತ್ತಿಗೆ ನಮ್ಮಲ್ಲಿ ಹಸಿ ಕೋಡಿಗೆ ಕಿಲೋಗೆ ಸಾವಿರಾರು ರೂಪಾಯಿ ಸಿಗತೊಡಗಿತು. ದಕ್ಷಿಣ ಕನ್ನಡ, ಉತ್ತರ ಕನ್ನಡ, ಕೊಡಗು, ಚಿಕ್ಕಮಗಳೂರು, ಶಿವಮೊಗ್ಗದ ಅಡಿಕೆ, ಕಾಫಿ ತೋಟಗಳಲ್ಲಿ ಬಳ್ಳಿ ಹಬ್ಬಿತು. ಕಳ್ಳರ ಕಾಟಕ್ಕೆ ಜನ ರಾತ್ರಿ ಟಾರ್ಚು ಹಿಡಿದು ತೋಟ ಕಾದರು. ಓದು ಮುಗಿಸಿದ ಹುಡುಗರು ಪೇಟೆಯ ನೌಕರಿ ಬೇಡವೆಂದು ತೋಟಕ್ಕೆ ಮರಳುವುದಕ್ಕೂ ಅದು ಒಂದು ಕಾರಣವಾಯಿತು. ಯಾರನ್ನು ಕೇಳಿದರೂ ಒಂದೇ ಸಲಹೆ: ಹಾಕು.

ವೆನಿಲಾ ನೆಟ್ಟ ಕೂಡಲೇ ಕೊಡುವ ಬೆಳೆಯಲ್ಲ. ಹೂ ಬಿಡಲು ಮೂರು ವರ್ಷ ಬೇಕು. ಹೂ ಅರಳುವುದು ಒಂದು ಬೆಳಗಿನ ಮಟ್ಟಿಗೆ. ಅದರ ತಾಯಿನಾಡು ಮೆಕ್ಸಿಕೊ, ಅಲ್ಲಿನ ಜೇನ್ನೊಣ ನಮ್ಮಲ್ಲಿಲ್ಲದ ಕಾರಣ ಒಂದೊಂದು ಹೂವಿಗೂ ಕಡ್ಡಿ ಹಿಡಿದು ಕೈಯಾರೆ ಪರಾಗಸ್ಪರ್ಶ ಮಾಡಬೇಕು. ಆಮೇಲೆ ಕೋಡು ಬಲಿಯಲು ಇನ್ನೂ ಎಂಟೊಂಬತ್ತು ತಿಂಗಳು. ಬೆಲೆ ನೆತ್ತಿಯಲ್ಲಿದ್ದಾಗ ನೆಟ್ಟವರ ಬಳ್ಳಿ ಕೋಡು ಬಿಡುವಷ್ಟರಲ್ಲಿ ಮಡಗಾಸ್ಕರ್ ಚೇತರಿಸಿಕೊಂಡಿತ್ತು, ದೊಡ್ಡ ಕಂಪನಿಗಳು ಕೃತಕ ವೆನಿಲಿನ್ ಕಡೆ ತಿರುಗಿದ್ದವು. ಸಾವಿರಾರು ರೂಪಾಯಿಯ ಕೋಡು ನೂರರ ಆಸುಪಾಸಿಗೆ ಇಳಿಯಿತು. ಮೊದಲೇ ನೆಟ್ಟಿದ್ದ ಕೆಲವರು ಹಣ ಕಂಡರು. ಬಳ್ಳಿಯ ತುಂಡನ್ನು ಮೀಟರ್ ಲೆಕ್ಕದಲ್ಲಿ ಮಾರಿದವರು ಇನ್ನೂ ಚೆನ್ನಾಗಿ ಕಂಡರು.

ಬಳ್ಳಿ ಮಾರಿದವರೆಲ್ಲ ಮೋಸಗಾರರಾಗಿರಲಿಲ್ಲ. ಅವರಲ್ಲಿ ಬಹಳ ಮಂದಿ ತಾವೇ ನಂಬಿದ್ದನ್ನು ಹೇಳಿದರು. ಆದರೆ ಅವರ ಲಾಭ ನೀವು ನೆಟ್ಟ ದಿನಕ್ಕೇ ಮುಗಿದಿತ್ತು, ನಿಮ್ಮ ಲೆಕ್ಕ ಅವತ್ತು ಶುರುವಾಗಿತ್ತು. ಸಲಹೆ ಕೇಳುವ ಪ್ರತಿಯೊಬ್ಬರೂ ನೋಡಬೇಕಾದ ಜಾಗ ಇದೇ ಎಂದು ನಾನು ನಂಬಿದ್ದೇನೆ. ನಾನು ಶುರು ಮಾಡಿದ ದಿನವೇ ದುಡ್ಡು ಕಾಣುವವರು ಯಾರು? ನಾನು ಐದು ವರ್ಷ ನಿಂತರೆ ಮಾತ್ರ ಅವರಿಗೂ ಒಳ್ಳೆಯದಾಗುವಂಥವರು ಯಾರು? ತಮಿಳುನಾಡಿನ ಪೆರುಂದುರೈ ಕಡೆಯ ಎಮು ಸಾಕಣೆ 2012ರಲ್ಲಿ ಮುಗ್ಗರಿಸಿದಾಗಲೂ ಇದೇ ಪ್ರಶ್ನೆ ಕೇಳಿದ್ದವರು ಉಳಿದುಕೊಂಡರು: ಮರಿ ಮಾರುವವರೇ ಹಕ್ಕಿಯನ್ನೂ ವಾಪಸ್ ಕೊಳ್ಳುತ್ತೇವೆ ಅನ್ನುತ್ತಿದ್ದಾರೆ, ಸರಿ, ಆದರೆ ಎಮು ಮಾಂಸ ತಿನ್ನುವವರು ಎಲ್ಲಿದ್ದಾರೆ? ಇವತ್ತು ಅದೇ ಜಾಗದಲ್ಲಿ ಚಹಾ ಅಂಗಡಿಯ ಫ್ರಾಂಚೈಸಿ ಮಾರುವವರಿದ್ದಾರೆ, ಮೂರೇ ದಿನದಲ್ಲಿ ಉದ್ಯಮಿಯಾಗಿಸುವ ಕೋರ್ಸ್ ಮಾರುವವರಿದ್ದಾರೆ. ರೊಟ್ಟಿ ಮಾಡುವ ಯಂತ್ರ ಮಾರುವವರು ನಮ್ಮ ಹುಡುಗಿಗೂ ಫೋನ್ ಮಾಡಿದ್ದರು. ಗಂಟೆಗೆ ಇಂತಿಷ್ಟು ರೊಟ್ಟಿ ಅಂತ ಲೆಕ್ಕ ಕೊಟ್ಟರು. ಅಷ್ಟು ರೊಟ್ಟಿಯನ್ನು ಮಾರುವುದು ಯಾರಿಗೆ ಅನ್ನುವುದು ಅವರ ಕೆಲಸವಲ್ಲ.

ಕಲಬುರಗಿಯಲ್ಲಿ ಇದಕ್ಕೆ ಬೇರೆಯೇ ದಾರಿ ಕಂಡುಕೊಂಡಿದ್ದಾರೆ. ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಬಡಿದ ರೊಟ್ಟಿ ಜಿಲ್ಲಾಡಳಿತದ ಒತ್ತಾಸೆಯಿಂದ ‘ಕಲಬುರಗಿ ರೊಟ್ಟಿ’ ಎಂಬ ಒಂದೇ ಹೆಸರಿನಲ್ಲಿ ಮಾರುಕಟ್ಟೆಗೆ ಹೋಗುತ್ತದೆ. ಗಿರಾಕಿ ಹುಡುಕುವ ಭಾರ ಒಬ್ಬೊಬ್ಬರ ತಲೆಯ ಮೇಲೆ ಇಲ್ಲ. ಒಬ್ಬಳೇ ಹೋಗುವುದೋ, ಇಂಥ ಕಡೆ ಸೇರಿಕೊಳ್ಳುವುದೋ ಅನ್ನುವುದೂ ಅವಳ ಪಟ್ಟಿಗೆ ಬಂತು.

ಕಣ್ಣಿಗೆ ಬಟ್ಟೆ, ಕೈಯಲ್ಲಿ ಮರದ ತುಂಡು

ಎಲ್ಲರಿಗೂ ಹುಬ್ಬಳ್ಳಿಯ ಆ ಹೆಣ್ಣುಮಗಳು ಸಿಗುವುದಿಲ್ಲ. ಮನೆಯಲ್ಲಿ ಯಾರೂ ವ್ಯಾಪಾರ ಮಾಡಿ ಗೊತ್ತಿಲ್ಲದ, ಊರಲ್ಲಿ ಪರಿಚಯವೂ ಇಲ್ಲದ ಮಕ್ಕಳು ಎಲ್ಲಿಗೆ ಹೋಗಬೇಕು? 1982ರಲ್ಲಿ ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರು ಸಿಂಡಿಕೇಟ್ ಬ್ಯಾಂಕ್, ಕೆನರಾ ಬ್ಯಾಂಕ್‌ಗಳ ಜೊತೆ ಸೇರಿ ಉಜಿರೆಯಲ್ಲಿ ಶುರು ಮಾಡಿದ, ಸ್ವಂತ ಉದ್ಯೋಗದ ತರಬೇತಿ ಕೊಡುವ ರುಡ್‌ಸೆಟ್ ಸಂಸ್ಥೆ ಹುಟ್ಟಿದ್ದು ಇಂಥವರಿಗಾಗಿ. ಊಟ, ವಸತಿ, ಪಾಠ ಎಲ್ಲ ಉಚಿತ. ಅದರ ಮಾದರಿಯನ್ನೇ ಕೇಂದ್ರ ಸರ್ಕಾರ ಎತ್ತಿಕೊಂಡು ದೇಶದ ಜಿಲ್ಲೆ ಜಿಲ್ಲೆಗೂ ಆರ್‌ಸೆಟಿ ಎಂಬ ತರಬೇತಿ ಸಂಸ್ಥೆ ಮಾಡಿತು. ಉಜಿರೆಯಲ್ಲಿ ಹುಟ್ಟಿದ ಒಂದು ಯೋಚನೆ ದೇಶದ ಉದ್ದಗಲಕ್ಕೆ ಹೋಯಿತು ಅನ್ನುವುದು ನಮಗೆ ಹೆಮ್ಮೆಯ ವಿಷಯ, ನಮ್ಮ ಮಕ್ಕಳಲ್ಲಿ ಎಷ್ಟೋ ಮಂದಿಗೆ ಅದು ಗೊತ್ತೇ ಇಲ್ಲ ಅನ್ನುವುದು ನೋವಿನ ವಿಷಯ.

ಇಂಥ ತರಬೇತಿಗಳಲ್ಲಿ ಒಂದು ಆಟ ಆಡಿಸುತ್ತಾರೆ. ಒಬ್ಬರ ಕಣ್ಣಿಗೆ ಬಟ್ಟೆ ಕಟ್ಟಿ, ರೂಢಿ ಇಲ್ಲದ ಎಡಗೈಯಲ್ಲಿ ಮರದ ತುಂಡುಗಳನ್ನು ಒಂದರ ಮೇಲೊಂದು ಪೇರಿಸಲು ಹೇಳುತ್ತಾರೆ. ಪಕ್ಕದಲ್ಲಿ ಇಬ್ಬರು ಸಹಾಯಕರು, ಅಪ್ಪ ಅಮ್ಮನಂತೆ ಅಂತಿಟ್ಟುಕೊಳ್ಳಿ. ಅವರು ಮಾತಾಡಬಹುದು, ಮುಟ್ಟುವಂತಿಲ್ಲ. ಪೇರಿಸುವವರು ಮೊದಲೇ ಎಷ್ಟು ತುಂಡು ನಿಲ್ಲಿಸುತ್ತೇನೆಂದು ಹೇಳಬೇಕು. ಕೆಲವು ಜೋಡಿಗಳು ‘ಹುಷಾರು, ಬೀಳುತ್ತೆ, ಬೀಳುತ್ತೆ’ ಅನ್ನುತ್ತಲೇ ಇರುತ್ತವೆ. ಕೈ ನಡುಗುತ್ತದೆ, ಗೋಪುರ ಬೀಳುತ್ತದೆ. ಕೆಲವರು ‘ಸೂಪರ್, ಹಾಕ್ತಾ ಹೋಗು’ ಅಂತ ಚಪ್ಪಾಳೆ ತಟ್ಟುತ್ತಾರೆ. ಕೆಳಗಿನ ತುಂಡು ಓರೆಯಾಗಿದ್ದು ಪೇರಿಸುವವರಿಗೆ ತಿಳಿಯುವುದೇ ಇಲ್ಲ, ಅದೂ ಬೀಳುತ್ತದೆ. ಗೋಪುರ ಏಳುವುದು ಬೇರೆ ಬಗೆಯ ಸಹಾಯಕರ ಹತ್ತಿರ: ‘ಒಂದು ಬೆರಳಷ್ಟು ಎಡಕ್ಕೆ. ಇನ್ನೂ ಚೂರು. ಸಾಕು. ಈಗ ಮೆಲ್ಲಗೆ ಇಳಿಸು. ಕೂತಿತು, ಕೈ ಬಿಡು.’ ಹೊಗಳಿಕೆ ಇಲ್ಲ, ಹೆದರಿಕೆ ಇಲ್ಲ. ಪೇರಿಸುವವರ ಕೈ ಈಗ ಎಲ್ಲಿದೆ ಎಂದು ನೋಡಿ ಮಾತಾಡುತ್ತಾರೆ.

ಇಂಥ ತರಬೇತಿಯ ಬೇರು 1960ರ ದಶಕದಲ್ಲಿದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಡೇವಿಡ್ ಮೆಕ್‌ಲೆಲೆಂಡ್ ಆಂಧ್ರದ ಕಾಕಿನಾಡದ ಸಣ್ಣ ವ್ಯಾಪಾರಿಗಳ ಜೊತೆ ನಡೆಸಿದ ಪ್ರಯೋಗಗಳಿಂದ, ಉದ್ಯಮಶೀಲತೆ ಹುಟ್ಟಿನಿಂದಲೇ ಬರಬೇಕಾಗಿಲ್ಲ, ಕಲಿಸಬಹುದು ಅನ್ನುವ ನಂಬಿಕೆಗೆ ಬಲ ಬಂತು. ಆರ್‌ಸೆಟಿಯಲ್ಲಿ ಆಟ ಮುಗಿದ ಮೇಲೆ ಅಭ್ಯರ್ಥಿಗಳನ್ನು ಪೇಟೆಗೆ ಕಳಿಸುತ್ತಾರೆ, ಅಂಗಡಿ ಅಂಗಡಿ ತಿರುಗಿ ಬೆಲೆ, ಬೇಡಿಕೆ ಕೇಳಿಕೊಂಡು ಬರಬೇಕು. ತರಬೇತಿ ಮುಗಿದ ಮೇಲೆ ಎರಡು ವರ್ಷ ಸಂಸ್ಥೆಯವರು ಸಂಪರ್ಕದಲ್ಲಿದ್ದು ವಿಚಾರಿಸುತ್ತಾರೆ. ಸಲಹೆಯಲ್ಲಿ ಇದೇ ಬಹಳ ಮುಖ್ಯ. ಶುರು ಮಾಡುವ ಮುಂಚಿನ ಮಾತಿಗಿಂತ ಶುರುವಾದ ಎಂಟನೇ ತಿಂಗಳಲ್ಲಿ ಯಾರು ಫೋನ್ ಎತ್ತುತ್ತಾರೆ ಅನ್ನುವುದು ದೊಡ್ಡದು.

ಆಹಾರದ ಉದ್ಯಮವಾದರೆ ಮೈಸೂರಿನ ಸಿ.ಎಫ್.ಟಿ.ಆರ್.ಐ. ಇದೆ. 1950ರಿಂದ ಅಲ್ಲಿ ತಿಂಡಿ ಕೆಡದಂತೆ ಕಟ್ಟುವುದು, ಯಂತ್ರ, ತಂತ್ರಜ್ಞಾನ ಎಲ್ಲದರ ಮೇಲೆ ಕೆಲಸ ನಡೆದಿದೆ, ಸಣ್ಣ ಅವಧಿಯ ತರಬೇತಿಗಳೂ ಇವೆ. ಧಾರವಾಡದ ಸಿಡಾಕ್ 1992ರಿಂದ ಉದ್ಯಮಶೀಲತೆಯನ್ನೇ ಕಲಿಸುತ್ತಿದೆ.

ದುಡ್ಡಿನ ವಿಷಯದಲ್ಲಿ ಮಾತ್ರ ಅರ್ಧ ತಿಳಿದವರ ಸಲಹೆ ಬಹಳ ಕೆಟ್ಟದ್ದು ಮಾಡುತ್ತದೆ. ಹೊಸ ಘಟಕಗಳಿಗೆ ಸಾಲ, ಸಬ್ಸಿಡಿ ಕೊಡುವ ಕೇಂದ್ರದ ಪಿ.ಎಂ.ಇ.ಜಿ.ಪಿ. ಯೋಜನೆಯಲ್ಲಿ ಹಳ್ಳಿಯಲ್ಲಿ ಘಟಕ ಹಾಕುವ ಮಹಿಳೆಗೆ ಶೇ 35 ಸಬ್ಸಿಡಿ, ಸ್ವಂತ ಪಾಲು ಶೇ 5. ಇದನ್ನು ಕೇಳಿದ ಕೂಡಲೇ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಹಣ ಸರ್ಕಾರ ಕೈಗೆ ಕೊಡುತ್ತದೆ ಅಂದುಕೊಳ್ಳುವವರೇ ಹೆಚ್ಚು. ಆ ಹಣ ಮೂರು ವರ್ಷ ಬ್ಯಾಂಕಿನಲ್ಲೇ ಠೇವಣಿಯಾಗಿ ಇರುತ್ತದೆ. ಘಟಕ ನಡೆಯುತ್ತಿದ್ದರೆ ಆಮೇಲೆ ಸಾಲಕ್ಕೆ ಜಮೆಯಾಗುತ್ತದೆ. ಅಲ್ಲಿಯವರೆಗೆ ಕಂತು ಕಟ್ಟುವುದು ದುಡಿಮೆಯಿಂದಲೇ. ಸಬ್ಸಿಡಿಗಾಗಿ ಶುರು ಮಾಡಿದ ಘಟಕಗಳು ನಿಲ್ಲುವುದು ಇದೇ ಮೂರು ವರ್ಷದೊಳಗೆ. ಉದ್ಯಮ್ ನೋಂದಣಿಗೆ ಒಂದು ಪೈಸೆಯೂ ಶುಲ್ಕವಿಲ್ಲ, ಆದರೂ ಅದಕ್ಕೆ ಹಣ ಕೇಳುವವರು ಸಿಗುತ್ತಾರೆ. ಮುದ್ರಾ ಸಾಲ ಕೊಡಿಸುತ್ತೇವೆ, ಮೊದಲು ಫೀಸು ಕಟ್ಟಿ ಅಂತ ಕರೆ ಮಾಡುವವರ ಫೋನು ಇಟ್ಟುಬಿಡಬೇಕು.

ಇನ್ನೊಂದು ಪಾಠ 2025ರ ಜುಲೈನಲ್ಲಿ ನಮ್ಮ ರಾಜ್ಯದ ಸಣ್ಣ ವ್ಯಾಪಾರಿಗಳು ಕಲಿತರು. ಯುಪಿಐ ಮೂಲಕ ಬಂದ ಹಣದ ಲೆಕ್ಕ ಹಿಡಿದು ಜಿ.ಎಸ್.ಟಿ. ನೋಟಿಸ್ ಬಂದಾಗ ಬೇಕರಿ, ಕಾಂಡಿಮೆಂಟ್ಸ್‌ನವರು ಗಾಬರಿಬಿದ್ದರು. ಬೆಂಗಳೂರಿನ ಅಂಗಡಿಗಳಲ್ಲಿ ‘ಯುಪಿಐ ಇಲ್ಲ, ಕ್ಯಾಶ್ ಮಾತ್ರ’ ಎಂಬ ಚೀಟಿಗಳು ಕಾಣಿಸಿಕೊಂಡವು. ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆಗೆ 20 ಲಕ್ಷದ ವಹಿವಾಟು ದಾಟಿದರೆ ನೋಂದಣಿ ಬೇಕು ಅನ್ನುವುದನ್ನು ಮೊದಲ ದಿನವೇ ಯಾರಾದರೂ ಕೂರಿಸಿಕೊಂಡು ಹೇಳಿದ್ದರೆ ಆ ಗಾಬರಿಯ ಅರ್ಧ ತಪ್ಪುತ್ತಿತ್ತು. ನಮ್ಮ ಹುಡುಗಿ ಲೆಕ್ಕಪತ್ರದವಳಾದ್ದರಿಂದ ಈ ಭಾಗ ಅವಳೇ ನನಗೆ ಬಿಡಿಸಿ ಹೇಳಿದಳು.

ಮನೆಯವರ ಬಗ್ಗೆ ಒಂದು ಮಾತು. ಗಂಡುಮಕ್ಕಳು ‘ಏನಾದರೂ ಮಾಡ್ತೀನಿ’ ಅಂದರೆ ಬೈದರೂ ಕೂತು ಕೇಳುತ್ತೇವೆ. ಹೆಣ್ಣುಮಗಳು ಅದೇ ಮಾತು ಹೇಳಿದರೆ ‘ಮೊದಲು ಮದುವೆ ಆಗಲಿ, ಆಮೇಲೆ ಅವರ ಮನೆಯವರು ಒಪ್ಪಿದರೆ ಮಾಡು’ ಅಂದುಬಿಡುತ್ತೇವೆ. ಇದು ಸಲಹೆಯಲ್ಲ, ಪ್ರಶ್ನೆಯನ್ನೇ ಕೇಳಿಸಿಕೊಳ್ಳದಿರುವುದು. ರೋಣದ ಆ ಮನೆಯಲ್ಲೂ ಹೀಗೇ ಆಗುತ್ತಿತ್ತು. ಅವಳ ದೊಡ್ಡವ್ವ ಅಡ್ಡ ಬಂದರು. ಜೀವನವಿಡೀ ಮನೆಮಂದಿಗೆಲ್ಲ ರೊಟ್ಟಿ ಬಡಿದ ಕೈಗೆ ಒಂದು ರೂಪಾಯಿ ಕೂಲಿ ಕಂಡಿಲ್ಲ, ಮಗಳಾದರೂ ಕಾಣಲಿ ಅನ್ನುವುದು ಅವರ ವಾದ. ಅದರ ಮುಂದೆ ಯಾರೂ ಮಾತಾಡಲಿಲ್ಲ.

ಕೇಳಲು ಬರುವ ಮಕ್ಕಳಿಗೆ ನಮ್ಮಂಥ ಹಿರಿಯರು ಕೊಡಬಹುದಾದದ್ದು ಇನ್ನೊಂದಿದೆ, ನಮ್ಮ ಲೆಕ್ಕದ ಪುಸ್ತಕ. ಮನೆ ಕಟ್ಟುವಾಗ ಅಂದಾಜಿಗಿಂತ ಎಷ್ಟು ಮೀರಿತು, ಅಂಗಡಿ ಹಾಕಿದ ಮೊದಲ ವರ್ಷ ಮನೆಗೆ ಎಷ್ಟು ಬಂತು, ಯಾರ ಹತ್ತಿರ ಕೈಸಾಲ ಮಾಡಿದೆವು, ತೀರಿಸಲು ಎಷ್ಟು ವರ್ಷ ಹಿಡಿಯಿತು. ಇವನ್ನೆಲ್ಲ ನಾವು ಮಕ್ಕಳಿಂದ ಮುಚ್ಚಿಡುತ್ತೇವೆ. ಅಂಕಿ ಸಮೇತ ತೆರೆದಿಟ್ಟರೆ ಅವರಿಗೆ ನಮ್ಮ ಯಾವ ಬುದ್ಧಿಮಾತೂ ಬೇಕಾಗುವುದಿಲ್ಲ.

ಅವಳು ಇನ್ನೂ ನೌಕರಿ ಬಿಟ್ಟಿಲ್ಲ. ದೊಡ್ಡವ್ವ ಊರಲ್ಲಿ ಬಡಿದು ಕಳಿಸುವ ರೊಟ್ಟಿಯನ್ನು ಪಿ.ಜಿ.ಯ ಪರಿಚಯದವರಿಗೆ ಮಾರಿ, ಎಷ್ಟು ಮುರಿದು ಬಂತು, ಯಾರು ಎರಡನೇ ಸಲ ಕೇಳಿದರು, ಯಾರು ಕೇಳಲಿಲ್ಲ ಅಂತ ಬರೆದಿಡುತ್ತಿದ್ದಾಳೆ. ಮಳೆಗಾಲ ಕಳೆಯುವವರೆಗೂ ಹೀಗೇ ನಡೆಸಿ, ಥಂಡಿಯಲ್ಲಿ ರೊಟ್ಟಿ ಹೇಗೆ ತಡೆಯುತ್ತದೆ ನೋಡಿ, ಆಮೇಲೆ ತರಬೇತಿಗೆ ಅರ್ಜಿ ಹಾಕುವ ಯೋಚನೆ. ಬ್ಯಾಂಕಿಗೆ ಕೊಡಬೇಕಾದ ಯೋಜನಾ ವರದಿಯಲ್ಲಿ ಜೋಳ, ಕೂಲಿ, ಸೌದೆ, ಗ್ಯಾಸು, ಪ್ಯಾಕಿಂಗ್ ಎಲ್ಲ ತುಂಬಿದ್ದಾಳೆ. ಸ್ಥಳ ಅನ್ನುವ ಕಡೆ ಬೆಂಗಳೂರು ಎಂದು ಬರೆದಿದ್ದನ್ನು ಹೊಡೆದು ಗದಗ ಎಂದು ಬರೆದಿದ್ದಾಳೆ. ಅಲ್ಲಿ ಗಿರಣಿ ಹತ್ತಿರ, ಬಡಿಯುವವರು ಸಿಗುತ್ತಾರೆ, ಬಾಡಿಗೆ ಕಡಿಮೆ. ಗಿರಾಕಿಗಳು ಬೆಂಗಳೂರಲ್ಲಿದ್ದಾರೆ, ಆದ್ದರಿಂದ ರಾತ್ರಿ ಬಸ್ಸಿನ ಪಾರ್ಸೆಲ್ ದರ ವಿಚಾರಿಸುತ್ತಿದ್ದಾಳೆ.